ಪಕ್ಷಿ ಬಂಗಲೆಯಲ್ಲಿ ಸಂಡಿಗೆ

ಹಕ್ಕಿ ನೋಡುವುದಕ್ಕೆಂದು ಕಟ್ಟಿಸಿದ ಬಂಗಲೆಗೆ ಹೋಗಿ ಸಂಡಿಗೆ ಹಾಕಿದವರು ಈ ಭೂಮಿಯ ಮೇಲೆ ನಾವೊಬ್ಬರೇ ಇರಬೇಕು. ಬೇರೆಯವರು ಅಲ್ಲಿಗೆ ದುರ್ಬೀನು ಹೊತ್ತು ಹೋಗುತ್ತಿದ್ದರು. ನಾವು ದುರ್ಬೀನಿನ ಜೊತೆಗೆ ಸಂಡಿಗೆ ಒರಳು, ಅಕ್ಕಿ ಡಬ್ಬ, ಸೀಮೆಎಣ್ಣೆ ಸ್ಟವ್ವು, ಮಡಿಬಟ್ಟೆಯ ಗಂಟು ಎಲ್ಲವನ್ನೂ ಹೊತ್ತೆವು. ಆ ಗಂಟಿನೊಳಗೆ ನಮ್ಮ ಮಾವನವರ ಹಳೆಯ ಕೊಡೆಯಿಂದ ಬಿಚ್ಚಿದ ಕರೀ ಬಟ್ಟೆಯೂ ಇತ್ತು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಅರವತ್ತರ ದಶಕದ ಆರಂಭದ ಮಾತು. ಮದರಾಸಿನ ಪುರಸೈವಾಕ್ಕಂನಲ್ಲಿ, ಜವಳಿ ಅಂಗಡಿಗಳ ಬೀದಿಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ನಮ್ಮ ಮನೆ. ಕೆಳಗೆ ತಮಿಳರ ಸಂಸಾರ, ಮಹಡಿಯಲ್ಲಿ ನಾವು, ನಮ್ಮ ನೆತ್ತಿಯ ಮೇಲೆ ಇಬ್ಬರಿಗೂ ಸೇರಿದ ತಾರಸಿ. ನಮ್ಮ ಯಜಮಾನರು ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಮಾವನವರೂ ಅದೇ ಆಫೀಸಿನಲ್ಲಿ ದುಡಿದು ರಿಟೈರಾದವರು. ಅತ್ತೆ ಮದುವೆಯಾಗಿ ಮೈಸೂರು ಸೀಮೆಯಿಂದ ಬಂದು ಎಷ್ಟೋ ಕಾಲವಾಗಿತ್ತು. ಹಾಲಿನವನ ಹತ್ತಿರ, ತರಕಾರಿಯವಳ ಹತ್ತಿರ ಸೊಗಸಾದ ತಮಿಳು ಆಡುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಕನ್ನಡ. ಹಾಗಾಗಿ ಅವರ ಬೈಗುಳವೆಲ್ಲ ನನ್ನ ಪಾಲಿಗೇ ಬರುತ್ತಿತ್ತು, ತಮಿಳಿನಲ್ಲಿ ಬೈಸಿಕೊಳ್ಳುವ ಪುಣ್ಯ ನನಗೆ ಇರಲಿಲ್ಲ.

ಮಾವನವರಿಗೆ ಸಂಡಿಗೆಯೆಂದರೆ ಪ್ರಾಣ. ಸಾರು ಅನ್ನ ಇರಲಿ, ಮೊಸರನ್ನ ಇರಲಿ, ಕರಿದ ಸಂಡಿಗೆ ಇಲ್ಲದಿದ್ದರೆ ಎಲೆಯ ಮುಂದೆ ಮುಖ ಸಣ್ಣಗೆ ಮಾಡಿಕೊಂಡು ಕೂರುವರು. ಕೊನೆಯ ವರ್ಷ ಎದೆನೋವು ಬಂದು, ಎಣ್ಣೆಯಲ್ಲಿ ಕರಿದದ್ದು ಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಆ ಅಪ್ಪಣೆಯನ್ನು ಡಾಕ್ಟರಿಗಿಂತ ಬಿಗಿಯಾಗಿ ನಡೆಸಿದವರು ಅತ್ತೆ. ಒಂದು ಸಂಜೆ ಮಾವನವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಒಂದೇ ಒಂದು ಸಂಡಿಗೆ ಕರಿಯೇ. ಬಾಯಿ ಕೆಟ್ಟುಹೋಗಿದೆ."

"ಬಾಯಿ ಒಂದು ನೆಟ್ಟಗಿದ್ರೆ ಆಯ್ತೇ? ಎದೆ ಬೇಡ್ವೇ? ಹೋಗಿ ಸುಮ್ನೆ ಮಲಕ್ಕೊಳ್ಳಿ. ನಾಳೆ ನೋಡೋಣ."

ಅವರು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆ ನಾಳೆ ಅವರಿಗೆ ಬರಲೇ ಇಲ್ಲ. ಬೆಳಗ್ಗೆ ಕಾಫಿಗೆ ಎಬ್ಬಿಸಲು ಹೋದಾಗ ಎಲ್ಲ ಮುಗಿದಿತ್ತು.

ಅತ್ತೆ ಆ ವರ್ಷವೆಲ್ಲ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಆದರೆ ವರ್ಷದ ಶ್ರಾದ್ಧ ಬಂದಾಗ, ಮಾವನವರಿಗೆ ಸಂಡಿಗೆ ಹಾಕಲೇಬೇಕೆಂದು ಹಟ ಹಿಡಿದರು. ಶ್ರಾದ್ಧದ ಅಡಿಗೆಯಲ್ಲಿ ಸಂಡಿಗೆಗೆ ಎಲ್ಲಿಯ ಜಾಗ ಎಂದು ಪುರೋಹಿತರು ಗೊಣಗಿದರು. "ನಿಮ್ಮ ಎಲೆಗೆ ಬೇಡ ಬಿಡಿ, ಕಾಗೆಗೆ ಇಡೋ ಎಲೆಗೆ ಹಾಕ್ತೀನಿ" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ನಮ್ಮಲ್ಲಿ ಶ್ರಾದ್ಧದ ದಿನ ಕಾಗೆ ಬಂದು ಪಿಂಡ ಮುಟ್ಟಬೇಕು. ಮುಟ್ಟಿದರೆ ಹಿರಿಯರು ತೃಪ್ತರಾದರು ಎಂದು ಅರ್ಥ. ಸರಿ, ಹದಿನೈದು ದಿನ ಮುಂಚೆಯೇ ಅತ್ತೆ ಮಡಿಯುಟ್ಟು ಸಂಡಿಗೆ ಹಾಕಿದರು. ಮೆಣಸಿನಕಾಯಿ ಇಲ್ಲ, ಇಂಗಿಲ್ಲ, ಕಾಳುಮೆಣಸು ಜೀರಿಗೆ ಮಾತ್ರ. ಕೆಳಗಿನ ಮನೆಯ ಮಕ್ಕಳು ಮುಟ್ಟಬಾರದೆಂದು ತಾರಸಿಯಲ್ಲೇ ಕಾವಲು ಕೂತರು. ಬಿಸಿಲಿಗೆ ಮುಖವೆಲ್ಲ ಕಪ್ಪಿಟ್ಟುಹೋಯಿತು.

ಶ್ರಾದ್ಧ ಸಾಂಗವಾಗಿ ನಡೆಯಿತು. ತಾರಸಿಯ ಮೇಲೆ ಎಲೆ ಇಟ್ಟು, ಪಿಂಡ ಇಟ್ಟು, ಪಕ್ಕದಲ್ಲಿ ಕರಿದ ಸಂಡಿಗೆ ಇಟ್ಟು ಎಲ್ಲರೂ ದೂರ ನಿಂತೆವು. ಕಾಗೆಗಳೇನೋ ಬಂದವು. ಎದುರು ಮನೆಯ ತೆಂಗಿನ ಮರದಲ್ಲಿ ಕೂತು ಊರೆಲ್ಲ ಒಂದು ಮಾಡುವಂತೆ ಅರಚಿದವು. ಒಂದೂ ಕೆಳಗಿಳಿಯಲಿಲ್ಲ. ಯಜಮಾನರು ಕೈಮುಗಿದು ಕರೆದರು. ಪುರೋಹಿತರು ಕರೆದರು. ಅತ್ತೆ ಕೊನೆಗೆ "ಏನೂಂದ್ರೆ, ತಪ್ಪಾಯ್ತು, ಬನ್ನಿ" ಎಂದು ಎಲ್ಲರೆದುರಿಗೆ ಸೆರಗೊಡ್ಡಿದರು. ಹೊತ್ತು ಇಳಿಯುತ್ತಾ ಬಂತು. ಪುರೋಹಿತರು ಪಿಂಡವನ್ನು ಹಸುವಿಗೆ ಕೊಡಿಸಿ ಕೈತೊಳೆದುಕೊಂಡರು. ಶಾಸ್ತ್ರಕ್ಕೆ ಅದೂ ಸರಿಯೇ. ಅತ್ತೆಗೆ ಸರಿಯಾಗಲಿಲ್ಲ.

ಅಷ್ಟು ಸಾಲದು ಅನ್ನುವ ಹಾಗೆ ಕೆಳಗಿನ ಮಾಮಿ ಮೆಟ್ಟಿಲ ಮೇಲೆ ಸಿಕ್ಕಿ, "ಮಾಮಾವುಕ್ಕು ಕೋಪಂ ಪೋಲ ಇರುಕ್ಕು" ಅಂದಳು, ಮಾಮನಿಗೆ ಕೋಪ ಅಂತ ಕಾಣುತ್ತೆ ಎಂದು. ಅವಳ ಬಾಯಿಗಿಷ್ಟು ಬೀಗ ಜಡಿಯುವವರು ಇರಲಿಲ್ಲವೇ! ಅತ್ತೆ ಆವತ್ತಿನಿಂದ ಉಪ್ಪು ಬಿಟ್ಟರು.

"ಕೊನೇ ದಿನ ಅವರ ನಾಲಿಗೆಗೆ ರುಚಿ ಬೇಡ ಅಂದೋಳು ನಾನು. ನನ್ನ ನಾಲಿಗೆಗೆ ಯಾತಕ್ಕೆ ರುಚಿ? ಅವರು ಬಂದು ನನ್ನ ಕೈ ಸಂಡಿಗೆ ಮುಟ್ಟೋವರೆಗೂ ನಂಗೆ ಉಪ್ಪು ಬೇಡ."

ಒಪ್ಪೊತ್ತಿನ ಊಟ, ಅದೂ ಸಪ್ಪೆ. ತಿಂಗಳು ಕಳೆದಂತೆ ಅತ್ತೆ ಇಳಿದುಹೋದರು. ಮಡಿಕೋಲಿನಿಂದ ಸೀರೆ ತೆಗೆಯುವಾಗ ಕೈ ನಡುಗುವುದು, ಮೆಟ್ಟಿಲು ಹತ್ತುವಾಗ ತಲೆ ಸುತ್ತುವುದು. ಹೀಗೇ ಬಿಟ್ಟರೆ ಹೆಚ್ಚು ದಿನ ಕಾಣೆ ಎಂದು ಡಾಕ್ಟರು ಯಜಮಾನರನ್ನು ಹೊರಗೆ ಕರೆದು ಹೇಳಿದರು. ನಾನು ಬೇಡಿದೆ, ಜಗಳವಾಡಿದೆ, ಕಳ್ಳತನದಿಂದ ಸಾರಿಗೆ ಚಿಟಿಕೆ ಉಪ್ಪು ಬೆರೆಸಲೂ ನೋಡಿದೆ. ವಾಸನೆಯಲ್ಲೇ ಹಿಡಿದುಬಿಟ್ಟರು ಮಹರಾಯಿತಿ.

ಯಜಮಾನರಿಗೆ ಹಕ್ಕಿಯ ಹುಚ್ಚು. ಭಾನುವಾರ ಬಂತೆಂದರೆ ಅಡ್ಯಾರ್ ನದಿಯ ಮುಖದಲ್ಲಿ ದುರ್ಬೀನು ಹಿಡಿದು ನಿಂತುಬಿಡುವರು. ಚೆಂಗಲ್ಪಟ್ಟು ದಾಟಿ ಒಳಗೆ ಹೋದರೆ ಸರ್ಕಾರ ಕಾಯ್ದಿಟ್ಟ ಕಾಡಿದೆ, ಕಾಡಿನ ಅಂಚಿಗೆ ಕೆರೆ, ಕೆರೆಯಲ್ಲಿ ಲೆಕ್ಕವಿಲ್ಲದಷ್ಟು ಹಕ್ಕಿ, ನೋಡಬಂದವರಿಗೆ ಉಳಿಯಲು ಒಂದು ಬಂಗಲೆ. ಅಮ್ಮನಿಗೆ ಗಾಳಿ ಬದಲಾವಣೆ ಆಗಲಿ ಎಂದು ಅವರು ಅಲ್ಲಿ ಕೋಣೆ ಗೊತ್ತುಮಾಡಿದರು. ಎರಡನೇ ಶ್ರಾದ್ಧಕ್ಕೆ ಒಂದು ತಿಂಗಳಿತ್ತು. ಅತ್ತೆ ಒಪ್ಪುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ.

"ಅಲ್ಲಿ ತಾರಸಿ ಇದೆಯೇನೋ?" ಅಂದರು ಅತ್ತೆ.

"ಇದೆಯಮ್ಮ. ಅಲ್ಲಿಂದಲೇ ಹಕ್ಕಿ ನೋಡೋದು."

"ಬಾವಿ?"

"ಅಂಗಳದಲ್ಲೇ."

"ಓಡಾಡಿ ಮೈಲಿಗೆ ಮಾಡೋರು ಯಾರಿದಾರೆ?"

"ಕಾವಲಿನವನು ಒಬ್ಬ. ಅವನು ಮೇಲೆ ಬರೋಲ್ಲ. ಇನ್ನು ಹಕ್ಕಿಗಳು."

"ಹಕ್ಕೀಗೆ ಮೈಲಿಗೆ ಇಲ್ಲ" ಎಂದು ಅತ್ತೆ ಎದ್ದು ಸಂಡಿಗೆ ಒರಳು ಹುಡುಕಲು ಹೋದರು. ಅವರ ಲೆಕ್ಕ ನನಗೆ ಆಗ ತಿಳಿಯಿತು. ಕಾವಲು ಕೂತಿದ್ದರೂ ಹೋದ ವರ್ಷದ ಸಂಡಿಗೆಗೆ ಕೆಳಗಿನ ಮಕ್ಕಳ ಕೈ ಸೋಕಿ ಮಡಿ ಕೆಟ್ಟಿರಬೇಕು, ಅದಕ್ಕೇ ಮಾವನವರು ಒಪ್ಪಲಿಲ್ಲ. ಈ ಸಲ ಕಾಡಿನ ಬಾವಿಯ ನೀರಲ್ಲಿ, ಯಾರೂ ತುಳಿಯದ ತಾರಸಿಯಲ್ಲಿ ಹಾಕಿಬಿಟ್ಟರೆ ಹೇಗೆ ಒಪ್ಪುವುದಿಲ್ಲವೋ ನೋಡೇಬಿಡೋಣ ಎಂಬುದು ಅತ್ತೆಯ ಹಂಚಿಕೆ. ಸತ್ತ ಗಂಡನ ಜೊತೆಗೂ ಪಂತ ಕಟ್ಟಿದ ಹೆಂಗಸು ಅದು.

ಎಗ್ಮೋರಿನಲ್ಲಿ ರೈಲು ಹತ್ತಿ, ಚೆಂಗಲ್ಪಟ್ಟಿನಲ್ಲಿ ಬಸ್ಸು ಹಿಡಿದು, ಕೊನೆಗೆ ಎತ್ತಿನ ಗಾಡಿಯಲ್ಲಿ ಕುಲುಕಾಡಿಕೊಂಡು ನಾವು ತಲುಪಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ದಾರಿಯ ಕೊನೆಯಲ್ಲಿ ಕಾಡು ಎರಡೂ ಕಡೆ ಒತ್ತಿಕೊಂಡು ಬಂತು. ಎತ್ತರದ ಮರಗಳಲ್ಲ, ಮುಳ್ಳು, ಬಳ್ಳಿ, ಕಾರೆ, ಈಚಲು ಹೆಣೆದುಕೊಂಡ ಕುರುಚಲು. ಅದು ಬಿಚ್ಚಿಕೊಂಡ ಕಡೆ ಕೆರೆ ಕಂಡಿತು. ನೀರಿನಲ್ಲೇ ನಿಂತ ಮರಗಳು, ಕೊಂಬೆಕೊಂಬೆಗೂ ಬೆಳ್ಳಗೆ ಕೊಕ್ಕರೆ, ಒಗೆದ ಪಂಚೆಗಳನ್ನು ಹರವಿದಂತೆ. ಗಬ್ಬು ವಾಸನೆ ಬೇರೆ. ಗಂಡನ ಮುಖ ನೋಡಿದೆ, ಅವರಿಗೆ ಅದು ಮಲ್ಲಿಗೆಯೇ ಇರಬೇಕು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು.

ಅತ್ತೆ ಕೆರೆಯ ಕಡೆ ತಿರುಗಿಯೂ ನೋಡಲಿಲ್ಲ. ಬಾವಿಯ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡರು, ತಾರಸಿ ಹತ್ತಿ ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ನೋಡಿದರು, ಅಡಿಗೆಮನೆಯ ಒರಳುಕಲ್ಲನ್ನು ನನ್ನ ಕೈಯಲ್ಲಿ ಮೂರು ಮೂರು ಸಲ ತೊಳೆಸಿದರು. ಅನ್ನವಾದ ಮೇಲೆ, ಹೋದ ಶ್ರಾದ್ಧದಿಂದ ಮನೆಯಲ್ಲಿ ನಿಲ್ಲಿಸಿದ್ದ ಹಳೆಯ ಪದ್ಧತಿಯಂತೆ ಒಂದು ಹಿಡಿ ಕಾಗೆಗೆಂದು ತಾರಸಿಯ ಮೂಲೆಯಲ್ಲಿಟ್ಟರು. ಕಾಗೆ ಆ ಕ್ಷಣವೇ ಬಂದು ಎತ್ತಿಕೊಂಡು ಹೋಯಿತು.

"ನೋಡಿದಿರಾ ಅತ್ತೆ, ಇಲ್ಲಿಯ ಕಾಗೆಗೆ ಎಷ್ಟು ಸಲಿಗೆ!" ಅಂದೆ ನಾನು, ಸಮಾಧಾನವಾಗಲಿ ಎಂದು.

"ಪರಸ್ಥಳದ ಕಾಗೆ. ನಾನು ಯಾರು ಅಂತ ಅದಕ್ಕೇನು ಗೊತ್ತು" ಅಂದರು ಅತ್ತೆ. ಸಪ್ಪೆ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಎರಡು ತುತ್ತು ತಿಂದು ಎದ್ದರು.

ಸಂಜೆ ಮೇಯಲು ಹೋದ ಹಕ್ಕಿಗಳು ಸಾಲುಸಾಲಾಗಿ ಮರಳಿದವು. ಯಜಮಾನರು ಒಂದೊಂದನ್ನೂ ತೋರಿಸಿದರು. ಚಮಚದ ಕೊಕ್ಕಿನದು, ಬಣ್ಣದ ಕೊಕ್ಕರೆ, ನೀರುಕಾಗೆ. ನೀರುಕಾಗೆ ಎಂದ ಕೂಡಲೇ ಅತ್ತೆ ಕಿವಿ ನಿಮಿರಿಸಿ, "ಅದು ಪಿಂಡ ಮುಟ್ಟುತ್ತೇನೋ?" ಎಂದು ಕೇಳಿದರು. ಇಲ್ಲಮ್ಮ, ಅದಕ್ಕೆ ಮೀನು ಬೇಕು ಎಂದಾಗ ಮುಖ ಸಿಂಡರಿಸಿದರು. ಆಮೇಲೆ ದುರ್ಬೀನು ಇಸಕೊಂಡು ತುಂಬಾ ಹೊತ್ತು ನೋಡಿ, "ಒಂದೊಂದು ಮರದಲ್ಲಿ ಇಷ್ಟಿಷ್ಟು ಸಂಸಾರ! ನೀರಿನ ಜಗಳ ಇಲ್ವೇನೋ ಇವಕ್ಕೆ?" ಅಂದರು. ಪುರಸೈವಾಕ್ಕಂನ ಕೊಳಾಯಿಯ ಮುಂದೆ ಕೊಡ ಹಿಡಿದು ನಿಂತವರಿಗೆ ಮಾತ್ರ ಆ ಮಾತಿನ ಬೆಲೆ ಗೊತ್ತು. ವರ್ಷದ ಮೇಲೆ ಅವರ ಬಾಯಲ್ಲಿ ಒಂದು ತಮಾಷೆ ಬಂತಲ್ಲ ಎಂದು ನಾನೂ ಯಜಮಾನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮರುದಿನ ಬೆಳ್ಳಂಬೆಳಗ್ಗೆ ನೆನೆದ ಅಕ್ಕಿಯನ್ನು ನಾನು ಮಡಿಯಲ್ಲಿ ರುಬ್ಬಿದೆ. ಅತ್ತೆ ಹಿಟ್ಟು ಗೊಟಾಯಿಸಿ, ತಾರಸಿಯ ಮೇಲೆ ತೊಳೆದ ಪಂಚೆ ಹಾಸಿ, ಒರಳು ಒತ್ತುತ್ತಾ ಹೋದರು. ಸುತ್ತು ಸುತ್ತು ಸಂಡಿಗೆ, ಒಂದಕ್ಕಿಂತ ಒಂದು ಚೆನ್ನ. ಆಮೇಲೆ ಗಂಟು ಬಿಚ್ಚಿ ಕೊಡೆಯ ಬಟ್ಟೆ ತೆಗೆದು, ಒಂದು ಗಳುವಿನ ತುದಿಗೆ ಕಟ್ಟಿ, ಗೋಡೆಗೆ ಒರಗಿಸಿ ನಿಲ್ಲಿಸಿದರು. ಇದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಸಂಡಿಗೆ ಹಾಕಿದರೆ ಕರೀ ಬಟ್ಟೆ ನೇತುಹಾಕಬೇಕು. ಸತ್ತ ಕಾಗೆ ತೂಗಾಡುತ್ತಿದೆ ಎಂದುಕೊಂಡು ಕಾಗೆ ಹತ್ತಿರ ಸುಳಿಯುವುದಿಲ್ಲ. ಅದು ಕೈ ತನ್ನಷ್ಟಕ್ಕೆ ತಾನು ಮಾಡುವ ಕೆಲಸ, ಯಾರೂ ಯೋಚನೆ ಮಾಡಿ ಮಾಡುವುದಲ್ಲ.

ಊಟದ ಹೊತ್ತಿಗೆ ಅತ್ತೆ ಹಿಂದಿನ ದಿನದಂತೆ ಒಂದು ಹಿಡಿ ಅನ್ನ ಒಯ್ದು ಅದೇ ಮೂಲೆಯಲ್ಲಿಟ್ಟು ಕರೆದರು. ಪಕ್ಕದ ಹುಣಸೆ ಮರಕ್ಕೆ ಒಂದು ಕಾಗೆ ಬಂತು. ಇನ್ನೊಂದು ಬಂತು. ನೋಡನೋಡುತ್ತಾ ಮರ ಕಪ್ಪಾಯಿತು. ಒಂದೇ ಸಮ ಅರಚಾಟ. ಅನ್ನದ ಹತ್ತಿರಕ್ಕೆ ಒಂದೂ ಬರಲಿಲ್ಲ. ಅತ್ತೆ ಬಿಸಿಲಿನಲ್ಲಿ ಕೈಮುಗಿದು ನಿಂತೇ ಇದ್ದರು. ನಾನು ನೆರಳಿಗೆ ಬನ್ನಿ ಎಂದರೆ ಕೇಳಲಿಲ್ಲ. ಕಡೆಗೆ ತಾರಸಿಯ ನೆಲದ ಮೇಲೆ ಕುಸಿದು ಕೂತರು.

"ಗೊತ್ತಾಗಿಹೋಯ್ತು ಕಣೆ ಅವರಿಗೆ, ನಾನು ಇಲ್ಲಿದೀನಿ ಅಂತ."

"ಅತ್ತೆ, ಏನು ಮಾತೂಂತ ಆಡ್ತೀರಿ!"

"ನಿನ್ನೆ ಬಂದಿದ್ದ ಕಾಗೆ ಇವತ್ಯಾಕೆ ಬರೊಲ್ಲ? ನನ್ನ ಸಂಡಿಗೆ ನೋಡಿದ ತಕ್ಷಣ ಸಿಟ್ಟು ಬಂತು ಅವರಿಗೆ. ಸಾಕು. ಇನ್ನು ಶ್ರಾದ್ಧಕ್ಕೆ ಹಾಕೋದೂ ಬೇಡ, ನಾನು ಉಪ್ಪು ತಿನ್ನೋದೂ ಬೇಡ. ಹೀಗೇ ಹೋಗಿಬಿಡ್ತೀನಿ."

ಆ ಮಾತಿನಲ್ಲಿ ಹಟ ಇರಲಿಲ್ಲ. ಹಟ ಇದ್ದಿದ್ದರೆ ನಾನು ಹೆದರುತ್ತಿರಲಿಲ್ಲ, ಅವರ ಹಟದ ಜೊತೆ ಬಾಳಿ ನನಗೆ ಅಭ್ಯಾಸವಿತ್ತು. ಹುಣಸೆ ಮರದ ಕಾಗೆಗಳ ಮೇಲೆ ಬಂದ ಕೋಪಕ್ಕೆ ಚಪ್ಪಲಿ ಎಸೆಯೋಣವೆನ್ನಿಸಿತು. ಮಡಿಯಲ್ಲಿದ್ದೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಅಷ್ಟರಲ್ಲಿ ಯಜಮಾನರು ಕೆರೆ ಏರಿಯಿಂದ ದಡದಡ ಓಡಿಬಂದು ಮೆಟ್ಟಿಲು ಹತ್ತಿದರು. ಮುಖ ಕೆಂಪಗಾಗಿತ್ತು.

"ಏನಿದು ಗಲಾಟೆ? ಬೆಳಗಿಂದ ಕಾದು ಒಂದು ಹಕ್ಕಿ ಹತ್ತಿರಕ್ಕೆ ಬಂದಿತ್ತು. ಈ ಕಾಗೆಗಳ ಅರಚಾಟಕ್ಕೆ ಹಾರಿಹೋಯ್ತು!" ಎಂದು ಸುತ್ತ ನೋಡಿ, ಗಳುವನ್ನು ಕಂಡು, "ಇದನ್ನ ಯಾರು ಕಟ್ಟಿದ್ದು? ಇದನ್ನ ಕಂಡೇ ಅವು ಬಾಯಿ ಬಡಕೋತಿರೋದು!" ಎಂದು ಬಟ್ಟೆಯನ್ನು ಕಿತ್ತು ಉಂಡೆ ಮಾಡಿ ಕಂಕುಳಲ್ಲಿ ಸಿಕ್ಕಿಸಿಕೊಂಡರು. ಮಡಿ ಸಂಡಿಗೆಯ ಪಕ್ಕದಲ್ಲಿ ಮೈಲಿಗೆ ಪ್ಯಾಂಟು ಹಾಕಿಕೊಂಡು ನಿಂತಿದ್ದಾರೆಂಬ ಪರಿವೆಯೂ ಅವರಿಗಿರಲಿಲ್ಲ. ಅತ್ತೆ ಬೈಯುತ್ತಾರೆಂದು ನಾನು ಕಾದೆ. ಅತ್ತೆಯ ಕಣ್ಣು ಹುಣಸೆ ಮರದ ಮೇಲಿತ್ತು.

ಗದ್ದಲ ನಿಂತಿತ್ತು. ಹುಣಸೆ ಮರದಿಂದ ಒಂದು ಕಾಗೆ ತೇಲಿಕೊಂಡು ಬಂದು ತಾರಸಿಯ ಗೋಡೆಯ ಮೇಲೆ ಕೂತಿತು. ಕತ್ತು ಓರೆ ಮಾಡಿ ನಮ್ಮನ್ನು ನೋಡಿತು. ಕುಪ್ಪಳಿಸಿ ಇಳಿದು ಅನ್ನಕ್ಕೆ ಬಾಯಿ ಹಾಕಿತು.

ಅತ್ತೆ ಅದನ್ನು ನೋಡಿದರು. ಮಗನ ಕಂಕುಳ ಬಟ್ಟೆಯನ್ನು ನೋಡಿದರು. ಮತ್ತೆ ಕಾಗೆಯನ್ನು ನೋಡಿದರು.

"ಹೋದ ವರ್ಷ ಈ ಬಟ್ಟೆ ತಾರಸಿಯಿಂದ ಯಾವಾಗ ಬಿಚ್ಚಿದ್ದೇ?" ಅಂದರು ನನಗೆ, ಬಹಳ ಮೆಲ್ಲಗೆ.

ನಾನು ನೆನಪು ಮಾಡಿಕೊಂಡೆ. ಸಂಡಿಗೆ ಒಣಗಿ ಡಬ್ಬಕ್ಕೆ ತುಂಬಿದ್ದೆವು. ಶ್ರಾದ್ಧದ ಗಡಿಬಿಡಿ ಶುರುವಾಗಿತ್ತು. ಗಳು ತಾರಸಿಯ ಮೂಲೆಯಲ್ಲೇ ಇತ್ತು. ಪುರೋಹಿತರು ಅದರ ಪಕ್ಕದಲ್ಲೇ ಬಗ್ಗಿ ಎಲೆ ಇಟ್ಟಿದ್ದರು.

"ಬಿಚ್ಚಲೇ ಇಲ್ವಲ್ಲ ಅತ್ತೆ. ಮಳೆಗಾಲ ಬರೋವರೆಗೂ ಅಲ್ಲೇ ಇತ್ತು."

ಇದು ನಮಗೆ ಯಾಕೆ ಹೊಳೆಯಲಿಲ್ಲವೆಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸಂಡಿಗೆ ಕದಿಯುವ ಕಾಗೆ ಬೇರೆ, ಪಿಂಡ ಮುಟ್ಟುವ ಕಾಗೆ ಬೇರೆ ಎಂದು ನಮ್ಮೆಲ್ಲರ ತಲೆಯಲ್ಲೂ ಕೂತುಬಿಟ್ಟಿತ್ತು. ಒಂದು ಕಳ್ಳ, ಇನ್ನೊಂದು ಹಿರಿಯರು. ಕಳ್ಳನಿಗೆ ಕಟ್ಟಿದ ಬಟ್ಟೆಗೆ ಹಿರಿಯರು ಹೆದರುತ್ತಾರೆಂದು ಯಾರು ಎಣಿಸುತ್ತಾರೆ? ಲೋಕದ ಹಕ್ಕಿಗಳನ್ನೆಲ್ಲ ಬಲ್ಲ ನನ್ನ ಗಂಡನೂ ಎಣಿಸಿರಲಿಲ್ಲ, ನಾಲ್ಕು ವೇದ ಓದಿದ ಪುರೋಹಿತರೂ ಎಣಿಸಿರಲಿಲ್ಲ.

ಅತ್ತೆ ಕೈಚಾಚಿ ಆ ಬಟ್ಟೆಯನ್ನು ಇಸಕೊಂಡರು. ಮಡಿಯಿತ್ತೋ ಮೈಲಿಗೆಯಿತ್ತೋ, ಅದನ್ನು ಮಡಿಲಲ್ಲಿ ಹರವಿಕೊಂಡು ಸವರಿದರು. ಆಫೀಸಿಗೆ ಹೋಗುವಾಗ ಮಾವನವರು ಬಿಸಿಲಾಗಲಿ ಮಳೆಯಾಗಲಿ ಬಿಡದೆ ಹಿಡಿದುಹೋಗುತ್ತಿದ್ದ ಕೊಡೆ.

"ಅಯ್ಯೋ ನನ್ನಪ್ಪ" ಅಂದರು. "ಅವರ ಕೊಡೆಯನ್ನೇ ಕಟ್ಟಿ ಅವರನ್ನೇ ಓಡಿಸಿದೆನಲ್ಲೋ! ಬನ್ನಿ ಬನ್ನಿ ಅಂತ ಸೆರಗೊಡ್ಡೋದು, ಪಕ್ಕದಲ್ಲೇ ಕಾವಲು ನಿಲ್ಸೋದು. ಪಾಪ, ಅವರು ಬಂದಿದ್ರು ಕಣೋ. ತೆಂಗಿನ ಮರದಲ್ಲಿ ಕೂತು ಆ ಬಟ್ಟೆ ಬಿಚ್ಚೇ, ಬಿಚ್ಚೇ ಅಂತ ಬಾಯಿ ಬಡಕೊಂಡ್ರು. ಈ ಕಿವುಡಿಗೆ ಕೇಳಲಿಲ್ಲ."

ಅವರು ಅಳುತ್ತಿದ್ದಾರೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನಗುತ್ತಿದ್ದರು. ಅಳುವೂ ಇತ್ತು, ಎರಡೂ ಒಟ್ಟಿಗೆ. ಯಜಮಾನರು ಅಮ್ಮನ ಪಕ್ಕದಲ್ಲೇ ಕೂತುಬಿಟ್ಟರು. ನನಗೆ ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು.

ನಾವು ಹೀಗೆ ಮೈಮರೆತಿರುವಾಗ ಕಾಗೆಗಳು ಸುಮ್ಮನಿರುತ್ತವೆಯೇ? ಅನ್ನ ಮುಗಿಸಿದ ಕಾಗೆ ಪಂಚೆಯ ಅಂಚಿಗೆ ಕುಪ್ಪಳಿಸಿ ಹೋಗಿ, ಅರ್ಧ ಒಣಗಿದ ಸಂಡಿಗೆಯೊಂದನ್ನು ಕೊಕ್ಕಿನಿಂದ ಎಬ್ಬಿಸಿತು. ಹಿಂದೆಯೇ ಇನ್ನೆರಡು ಇಳಿದವು. ಅಷ್ಟು ಮಡಿಯಲ್ಲಿ ಹಾಕಿದ ಸಂಡಿಗೆ ಎಂದು ನಾನು "ಹುಶ್!" ಎಂದು ಕೈಯೆತ್ತಿದೆ.

ಅತ್ತೆ ನನ್ನ ಕೈ ಹಿಡಿದು ಕೆಳಗೆಳೆದರು. ಜೀವಮಾನದಲ್ಲಿ ಒಂದು ಕಾಗೆಯನ್ನೂ ಸಂಡಿಗೆಯ ಹತ್ತಿರ ಬಿಟ್ಟವರಲ್ಲ ಅವರು.

"ತಿನ್ಲಿ ಬಿಡೇ. ಹಸೀದು, ಎಣ್ಣೆ ಸೋಕಿಲ್ಲ. ಡಾಕ್ಟರೂ ಏನೂ ಅನ್ನೋ ಹಾಗಿಲ್ಲ."

ಸಂಡಿಗೆ ಹಿಡಿದ ಕಾಗೆ ಕೆರೆಯ ಕಡೆಗೆ ಹಾರಿತು. ಅದು ಮರಗಳ ನಡುವೆ ಮರೆಯಾಗುವವರೆಗೆ ಅತ್ತೆ ನೋಡಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಭುಜ ಹಿಡಿದು ಎದ್ದರು.

"ನಡಿಯೇ, ಹಸಿವಾಗ್ತಿದೆ, ಎಲೆ ಹಾಕು" ಅಂದರು. ಎರಡು ಮೆಟ್ಟಿಲು ಇಳಿದು ತಿರುಗಿ ನಿಂತು, "ಉಪ್ಪು ಮರೀಬೇಡ" ಅಂದರು.